ಕ್ಯಾನ್ಸರ್ ಚಿಕಿತ್ಸೆಯಲ್ಲಿ ‘ಇನ್ನೂ ಒಂದು’ ಯಾವಾಗ ಬೇಡ?

ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಅಂಡಾಶಯದ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಕಿಮೋ ಮುಗಿದಿದೆ. ಕೂದಲು ಮತ್ತೆ ಬೆಳೆಯುತ್ತಿದೆ, ಊಟ ರುಚಿಸುತ್ತಿದೆ, ರಾತ್ರಿ ನಿದ್ದೆ ಬರುತ್ತಿದೆ. ಮೂರು ತಿಂಗಳಿಗೊಮ್ಮೆ ಮಾತ್ರ ಹೋಗಿ ರಕ್ತ ಕೊಟ್ಟು ಬರಬೇಕು. ಆ ರಕ್ತದಲ್ಲಿ ಸಿಎ-125 ಅನ್ನುವ ಒಂದು ಅಂಶವನ್ನು ಅಳೆಯುತ್ತಾರೆ. ಕಳೆದ ಸಲ 14 ಇತ್ತು. ಈ ಸಲ 41. ಅದರ ಮುಂದಿನ ಸಲ 96. ಮೈಯಲ್ಲಿ ಏನೂ ತೊಂದರೆ ಇಲ್ಲ. ಆದರೆ ಆ ಕಾಗದ ನೋಡಿದ ಕ್ಷಣದಿಂದ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಎಲ್ಲರ ಮನಸ್ಸಿಗೂ ಬರುವ ಮಾತು ಒಂದೇ. ಕಾಯಿಲೆ ತಿರುಗಿ ಬರುತ್ತಿದೆ, ಬೇಗ ಗೊತ್ತಾಗಿದ್ದೇ ಒಳ್ಳೆಯದಾಯಿತು, ತಡ ಮಾಡದೆ ಈಗಲೇ ಕಿಮೋ ಶುರು ಮಾಡೋಣ.

ಇದು ಸರಿಯಾ ಅಂತ ಬ್ರಿಟನ್ ಮತ್ತು ಯುರೋಪಿನ ವೈದ್ಯರು ಪರೀಕ್ಷೆ ಮಾಡಿಯೇ ನೋಡಿದರು. ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದ ಮಹಿಳೆಯರ ರಕ್ತವನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಂಡರು. ಆದರೆ ಬಂದ ಅಂಕಿಯನ್ನು ಅವರಿಗೂ ಹೇಳಲಿಲ್ಲ, ಅವರ ವೈದ್ಯರಿಗೂ ಹೇಳಲಿಲ್ಲ. ಅಂಕಿ ಮಾಮೂಲಿಗಿಂತ ಎರಡು ಪಟ್ಟು ದಾಟಿದ 529 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಿಷಯ ತಿಳಿಸಿ ಕೂಡಲೇ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿಗೆ ಕಾಯಿಲೆಯ ಲಕ್ಷಣ ಕಾಣಿಸಿಕೊಂಡ ಮೇಲಷ್ಟೇ ಕೊಟ್ಟರು. ಫಲಿತಾಂಶ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೊದಲ ಗುಂಪಿನವರಿಗೆ ಸುಮಾರು ಐದು ತಿಂಗಳು ಮುಂಚೆಯೇ ಕಿಮೋ ಶುರುವಾಗಿತ್ತು. ಆದರೆ ಬದುಕಿದ್ದ ಅವಧಿ ನೋಡಿದರೆ ಅವರದು 25.7 ತಿಂಗಳು, ಕಾದವರದು 27.1 ತಿಂಗಳು. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು, ಹಾಗಾಗಿ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಬೇಗ ಶುರು ಮಾಡಿದವರಿಗೆ ಸುಸ್ತು, ವಾಂತಿ, ಆಸ್ಪತ್ರೆಯ ಓಡಾಟ ಎಲ್ಲವೂ ಬೇಗ ಶುರುವಾಯಿತು. ಚೆನ್ನಾಗಿ ಕಳೆಯಬಹುದಾಗಿದ್ದ ತಿಂಗಳುಗಳು ಹೋದವು.

ಈ ಅಧ್ಯಯನ ಓದಿದಾಗ ನನಗೆ ತುಂಬಾ ಹೊತ್ತು ಬೇರೆ ಯೋಚನೆಯೇ ಬರಲಿಲ್ಲ. ಯಾರೂ ಕೆಟ್ಟದ್ದು ಮಾಡಲು ಹೊರಟಿರಲಿಲ್ಲ. ರಕ್ತಪರೀಕ್ಷೆ ನಿಖರವಾಗಿತ್ತು, ಔಷಧಿ ಅಸಲಿ, ವೈದ್ಯರ ಕಾಳಜಿಯೂ ನಿಜ. ಆದರೂ ಇದೆಲ್ಲ ಸೇರಿ ಆ ಮಹಿಳೆಯರಿಗೆ ಸಿಕ್ಕಿದ್ದು ನಷ್ಟ. ಆಮೇಲೆ ಹೊಸ ಔಷಧಿಗಳು ಬಂದಿವೆ, ಕೆಲವರಿಗೆ ಮತ್ತೆ ಆಪರೇಷನ್ ಮಾಡುವ ದಾರಿಯೂ ಇದೆ. ಹಾಗಾಗಿ ಈ ಒಂದು ಅಧ್ಯಯನವೇ ಇವತ್ತಿನ ಕೊನೆಯ ಮಾತು ಅಂತ ನಾನು ಹೇಳುವುದಿಲ್ಲ. ಆದರೆ ಅದು ಎತ್ತಿದ ಪ್ರಶ್ನೆ ಕ್ಯಾನ್ಸರ್ ಚಿಕಿತ್ಸೆಯ ಉದ್ದಕ್ಕೂ ಕೇಳಲೇಬೇಕಾದದ್ದು: ಇದರಿಂದ ಏನು ಬದಲಾಗುತ್ತದೆ?

ಏನೂ ಬದಲಾಗದಿದ್ದರೆ ಅಂಥದ್ದಕ್ಕೆ ವೈದ್ಯಲೋಕದಲ್ಲಿ ‘ಕಡಿಮೆ ಪ್ರಯೋಜನದ ಆರೈಕೆ’ ಅನ್ನುತ್ತಾರೆ. ರೋಗಿಯ ಆಯುಸ್ಸು ಹೆಚ್ಚಿಸದ, ಬದುಕನ್ನೂ ಹಗುರ ಮಾಡದ ಪರೀಕ್ಷೆ, ಔಷಧಿ, ಆಪರೇಷನ್ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಕೆಲವು ಸುಮ್ನೆ ವ್ಯರ್ಥ. ಇನ್ನು ಕೆಲವು ನೇರವಾಗಿ ಹಾನಿ ಮಾಡುತ್ತವೆ. ಒಂದೇ ಪರೀಕ್ಷೆ ಒಬ್ಬರಿಗೆ ಜೀವ ಉಳಿಸುವಂಥದ್ದು, ಇನ್ನೊಬ್ಬರಿಗೆ ಬೇಡದ್ದು ಆಗಿರಬಹುದು. ದೊಡ್ಡ ಕರುಳಿನ ಕ್ಯಾನ್ಸರ್ ಗುಣವಾದವರಲ್ಲಿ ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿ ನಿಗಾ ಇಡುವುದಕ್ಕೆ ಅರ್ಥ ಇದೆ. ಯಾಕಂದರೆ ಲಿವರ್‌ನಲ್ಲಿ ಒಂದೋ ಎರಡೋ ಗಡ್ಡೆ ಮಾತ್ರ ಮರಳಿ ಬಂದಿದ್ದರೆ ಅದನ್ನು ಕತ್ತರಿಸಿ ತೆಗೆದು ಪೂರ್ತಿ ಗುಣ ಮಾಡುವ ಅವಕಾಶ ಇರುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಲೆಕ್ಕ ಬೇರೆ. ಚಿಕಿತ್ಸೆ ಮುಗಿದ ಮೇಲೆ ಯಾವ ತೊಂದರೆಯೂ ಇಲ್ಲದವರಿಗೆ ಆಗಾಗ ಮೂಳೆ ಸ್ಕ್ಯಾನ್, ಎದೆಯ ಎಕ್ಸ್‌ರೇ ಮಾಡಿದರೆ ಅವರು ಜಾಸ್ತಿ ಕಾಲ ಬದುಕುತ್ತಾರಾ ಅಂತ ಇಟಲಿಯ ಎರಡು ದೊಡ್ಡ ಪ್ರಯೋಗಗಳು ನೋಡಿದವು. ಎರಡೂ 1994ರಲ್ಲಿ ಪ್ರಕಟವಾದವು. ಇಲ್ಲ ಅಂತ ಉತ್ತರ ಬಂತು. ಅಂಥವರಿಗೆ ಬೇಕಾದದ್ದು ನಿಯಮಿತ ಮ್ಯಾಮೋಗ್ರಾಂ, ವೈದ್ಯರ ತಪಾಸಣೆ, ಹೊಸ ತೊಂದರೆ ಕಂಡರೆ ಕೂಡಲೇ ಬಂದು ಹೇಳುವ ಅನುಕೂಲ.

ಜಾಸ್ತಿ ಕತ್ತರಿಸಿದರೆ ಜಾಸ್ತಿ ಗುಣ ಅನ್ನುವ ನಂಬಿಕೆ

ಈ ನಂಬಿಕೆಗೆ ನೂರು ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಇದೆ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ 1880ರ ದಶಕದಲ್ಲಿ ಸ್ತನ ಕ್ಯಾನ್ಸರ್‌ಗೆ ಒಂದು ದೊಡ್ಡ ಆಪರೇಷನ್ ಶುರು ಮಾಡಿದರು. ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವುದು. ಕ್ಯಾನ್ಸರ್ ಇದ್ದಲ್ಲಿಂದ ಸುತ್ತಲೂ ಹಬ್ಬುತ್ತಾ ಹೋಗುತ್ತದೆ, ಆದಷ್ಟು ಅಗಲವಾಗಿ ಕತ್ತರಿಸಿದರೆ ಬೇರು ಸಮೇತ ಹೋಗುತ್ತದೆ ಅನ್ನುವುದು ಅವರ ವಾದ. ಅದನ್ನು ಪರೀಕ್ಷಿಸದೆಯೇ ಜಗತ್ತು ಒಪ್ಪಿಕೊಂಡಿತು. ಲಕ್ಷಾಂತರ ಹೆಂಗಸರು ಗುಳಿಬಿದ್ದ ಎದೆ, ಊದಿದ ತೋಳು ಹೊತ್ತು ಬದುಕಿದರು.

ಬರ್ನಾರ್ಡ್ ಫಿಶರ್ ಎಂಬ ಇನ್ನೊಬ್ಬ ಅಮೆರಿಕನ್ ಸರ್ಜನ್ ಇದನ್ನು ಪ್ರಶ್ನಿಸಿದರು. ಕ್ಯಾನ್ಸರ್ ಕಣಗಳು ಶುರುವಿನಲ್ಲೇ ರಕ್ತದ ಮೂಲಕ ದೂರ ಹೋಗಿಬಿಟ್ಟಿದ್ದರೆ ಎದೆಯನ್ನು ಎಷ್ಟು ಅಗಲ ಕತ್ತರಿಸಿದರೇನು ಅನ್ನುವುದು ಅವರ ಪ್ರಶ್ನೆ. 1971ರಲ್ಲಿ ಒಂದು ಪ್ರಯೋಗ, 1976ರಲ್ಲಿ ಇನ್ನೊಂದು ಶುರು ಮಾಡಿದರು. ಜೊತೆಯವರಿಂದಲೇ ಕಟು ವಿರೋಧ ಬಂತು. ಇತ್ತ ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ 701 ಮಹಿಳೆಯರ ಮೇಲೆ ಇಂಥದ್ದೇ ಪ್ರಯೋಗ ಮಾಡುತ್ತಿದ್ದರು. ಎರಡೂ ಕಡೆಯವರು ಇಪ್ಪತ್ತು ವರ್ಷ ಕಾದರು. 2002ರಲ್ಲಿ ಎರಡರ ಫಲಿತಾಂಶವೂ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ, ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕಿದ್ದು ಅಷ್ಟೇ ಕಾಲ.

ಅಷ್ಟರೊಳಗೆ ಅದೇ ತಪ್ಪು ಬೇರೆ ವೇಷದಲ್ಲಿ ಬಂದಿತ್ತು. ಹರಡಿದ ಸ್ತನ ಕ್ಯಾನ್ಸರ್‌ಗೆ ಮಾಮೂಲಿಗಿಂತ ಹಲವು ಪಟ್ಟು ಕಿಮೋ ಕೊಡುವುದು, ಅದರಿಂದ ಹಾಳಾಗುವ ಅಸ್ಥಿಮಜ್ಜೆಗೆ ಬದಲಾಗಿ ಮೊದಲೇ ತೆಗೆದಿಟ್ಟ ಕಣಗಳನ್ನು ವಾಪಸ್ ಹಾಕುವುದು. 1990ರ ದಶಕದಲ್ಲಿ ಸಾವಿರಾರು ಮಹಿಳೆಯರು ಇದನ್ನು ಮಾಡಿಸಿಕೊಂಡರು. ವಿಮೆ ಕಂಪನಿ ಒಪ್ಪದಿದ್ದರೆ ಕುಟುಂಬದವರು ಕೋರ್ಟಿಗೆ ಹೋದರು. ಚಿಕಿತ್ಸೆಯಿಂದಲೇ ಸತ್ತವರೂ ಇದ್ದರು. ಎಲ್ಲರೂ ಪ್ರಯೋಗದ ಹೊರಗಡೆಯೇ ಈ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದರಿಂದ ಸರಿಯಾದ ಪ್ರಯೋಗಕ್ಕೆ ಸೇರಲು ಜನ ಸಿಗುತ್ತಿರಲಿಲ್ಲ. ಕೊನೆಗೆ 1999ರಲ್ಲಿ ಐದು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು. ನಾಲ್ಕರಲ್ಲಿ ಲಾಭ ಕಾಣಲಿಲ್ಲ. ಲಾಭ ಇದೆ ಅಂದಿದ್ದು ದಕ್ಷಿಣ ಆಫ್ರಿಕಾದ ವರ್ನರ್ ಬೆಜ್ವೋಡಾ ಅವರ ಅಧ್ಯಯನ ಒಂದೇ. ಮರುವರ್ಷ ತನಿಖೆಗೆ ಹೋದವರಿಗೆ ಅದು ಮೋಸದ ಅಧ್ಯಯನ ಅನ್ನುವುದು ಗೊತ್ತಾಯಿತು.

ಇಲ್ಲಿ ನನ್ನನ್ನು ಕಾಡುವುದು ಆ ಮೋಸಕ್ಕಿಂತ ಹೆಚ್ಚಾಗಿ ಉಳಿದವರ ನಂಬಿಕೆ. ಸಾವಿನ ಎದುರು ನಿಂತವರಿಗೆ ಕಠಿಣ ಚಿಕಿತ್ಸೆಯೇ ಬಲವಾದ ಚಿಕಿತ್ಸೆ ಅನ್ನಿಸುತ್ತದೆ. ಇಷ್ಟು ಕಷ್ಟ ಕೊಡುವಂಥದ್ದು ಕೆಲಸ ಮಾಡದೆ ಇರುತ್ತದಾ ಅನ್ನಿಸುತ್ತದೆ. ಎಷ್ಟೋ ಸಲ ಕೆಲಸ ಮಾಡುವುದಿಲ್ಲ.

ಹುಡುಕಿದರೆ ಸಿಗುತ್ತದೆ, ಆದರೆ ಸಿಕ್ಕಿದ್ದೆಲ್ಲ ಕೊಲ್ಲುವುದಿಲ್ಲ

ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ ಶುರುವಾಯಿತು. ಥೈರಾಯ್ಡ್ ಕ್ಯಾನ್ಸರ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಬೇರೆ ತಪಾಸಣೆಗೆ ಬಂದವರಿಗೆ ಹೇಗೂ ಬಂದಿದ್ದೀರಲ್ಲ, ಸ್ವಲ್ಪ ಹಣ ಕೊಟ್ಟರೆ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ಮಾಡುತ್ತೇವೆ ಅನ್ನುವ ರೂಢಿ ಬಂತು. ನೋವಿಲ್ಲ, ಸೂಜಿಯಿಲ್ಲ, ಕೆಲವೇ ನಿಮಿಷ. ಬೇಡ ಅನ್ನಲು ಯಾರಿಗೂ ಕಾರಣ ಕಾಣಲಿಲ್ಲ. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟು ಆಗಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನರಿಗೆ ನಿಮಗೆ ಕ್ಯಾನ್ಸರ್ ಇದೆ ಅಂತ ಹೇಳಲಾಯಿತು. ಆದರೆ ಈ ಕಾಯಿಲೆಯಿಂದ ಸಾಯುವವರ ಸಂಖ್ಯೆ ಜಾಸ್ತಿಯೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಮೊದಲು ಎಷ್ಟಿತ್ತೋ ಅಷ್ಟೇ ಉಳಿಯಿತು.

ನಿಜವಾಗಿಯೂ ಕಾಯಿಲೆ ಹಬ್ಬುತ್ತಿದ್ದರೆ ಸಾವೂ ಹೆಚ್ಚಬೇಕಿತ್ತು. ಬೇಗ ಹಿಡಿದು ಉಳಿಸುತ್ತಿದ್ದರೆ ಸಾವು ಇಳಿಯಬೇಕಿತ್ತು. ಎರಡೂ ಆಗಿಲ್ಲ. ಹಾಗಾದರೆ ಸಿಕ್ಕಿದ್ದೇನು? ಬೇರೆ ಕಾರಣಕ್ಕೆ ತೀರಿಕೊಂಡವರ ದೇಹ ಪರೀಕ್ಷಿಸಿದಾಗ, ವಯಸ್ಕರಲ್ಲಿ ಕಡಿಮೆ ಅಂದರೂ ಮೂರರಲ್ಲಿ ಒಬ್ಬರ ಥೈರಾಯ್ಡ್‌ನಲ್ಲಿ ಇಂಥ ಸಣ್ಣ ಕ್ಯಾನ್ಸರ್ ಇರುತ್ತದೆ. ಅವರು ಅದರ ಸುದ್ದಿಯೇ ಇಲ್ಲದೆ ಜೀವನ ಪೂರ್ತಿ ಬಾಳಿ ಹೋಗಿರುತ್ತಾರೆ. ಕೊರಿಯಾದ ಯಂತ್ರಗಳು ಹಿಡಿದದ್ದು ಹೆಚ್ಚಾಗಿ ಇವನ್ನೇ. ಇದಕ್ಕೆ ‘ಅತಿಪತ್ತೆ’ ಅನ್ನಬಹುದು. ತಪ್ಪು ಪತ್ತೆಗೂ ಇದಕ್ಕೂ ವ್ಯತ್ಯಾಸ ಇದೆ. ಮೈಕ್ರೋಸ್ಕೋಪ್ ಕೆಳಗೆ ಅದು ನಿಜವಾದ ಕ್ಯಾನ್ಸರ್ ಕಣವೇ. ಆದರೆ ಆ ಮನುಷ್ಯನಿಗೆ ಎಂದೂ ತೊಂದರೆ ಕೊಡದೆ ಇರುತ್ತಿತ್ತು.

ಪತ್ತೆಯಾದವರಲ್ಲಿ ಬಹುಪಾಲು ಎಲ್ಲರಿಗೂ ಆಪರೇಷನ್ ಆಯಿತು. ಮೂವರಲ್ಲಿ ಇಬ್ಬರಿಗೆ ಇಡೀ ಗ್ರಂಥಿಯನ್ನೇ ತೆಗೆದರು. ಇಡೀ ಗ್ರಂಥಿ ಹೋದ ಮೇಲೆ ಬದುಕಿರುವವರೆಗೂ ದಿನಾ ಬೆಳಿಗ್ಗೆ ಮಾತ್ರೆ. ಆಪರೇಷನ್ ಆದವರಲ್ಲಿ ಶೇಕಡಾ 11ರಷ್ಟು ಜನರಿಗೆ ಪಕ್ಕದ ಪುಟ್ಟ ಗ್ರಂಥಿಗಳಿಗೂ ಪೆಟ್ಟಾಗಿ ಕ್ಯಾಲ್ಸಿಯಂ ಏರುಪೇರಾಯಿತು. ಶೇಕಡಾ 2ರಷ್ಟು ಜನರಿಗೆ ಧ್ವನಿಯ ತಂತು ಸೋತಿತು. ಸುಮ್ನೆ ಒಂದು ತಪಾಸಣೆಗೆ ಅಂತ ಹೋದ, ಚೆನ್ನಾಗಿದ್ದ ಮನುಷ್ಯ ಗೊಗ್ಗರು ದನಿಯಲ್ಲಿ ಮನೆಗೆ ಬಂದ ಅಂತ ಯೋಚಿಸಿ ನೋಡಿ. 2014ರಲ್ಲಿ ಅಲ್ಲಿಯ ವೈದ್ಯರ ಒಂದು ಗುಂಪೇ ಬಹಿರಂಗವಾಗಿ ಇದು ಬೇಡ ಅಂದಿತು. ಪತ್ರಿಕೆ, ಟಿವಿಗಳಲ್ಲಿ ಚರ್ಚೆ ಎದ್ದಿತು. ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್‌ಗಳು ಶೇಕಡಾ 35ರಷ್ಟು ಇಳಿದವು.

ಇಂಥ ತಪಾಸಣೆ ಯಶಸ್ವಿ ಅಂತ ಎಲ್ಲರಿಗೂ ಯಾಕೆ ಅನ್ನಿಸುತ್ತದೆ ಅನ್ನುವುದನ್ನೂ ತಿಳಿದುಕೊಳ್ಳಬೇಕು. ಇಬ್ಬರು ಅಣ್ಣತಮ್ಮಂದಿರು ಇದ್ದಾರೆ ಅಂದುಕೊಳ್ಳಿ. ಇಬ್ಬರಿಗೂ ಒಂದೇ ರೀತಿಯ ಕ್ಯಾನ್ಸರ್, ಇಬ್ಬರೂ ತೀರಿಕೊಳ್ಳುವುದು 70ನೇ ವಯಸ್ಸಿಗೆ. ಅಣ್ಣನಿಗೆ 67ರಲ್ಲಿ ಕೆಮ್ಮು ಬಂದು ಕಾಯಿಲೆ ಗೊತ್ತಾಯಿತು, ಮೂರು ವರ್ಷ ಬದುಕಿದ. ತಮ್ಮನಿಗೆ 63ರಲ್ಲೇ ಸ್ಕ್ಯಾನ್‌ನಲ್ಲಿ ಸಿಕ್ಕಿತು, ಏಳು ವರ್ಷ ಬದುಕಿದ. ಐದು ವರ್ಷ ದಾಟಿದವರ ಲೆಕ್ಕ ಬರೆಯುವಾಗ ತಮ್ಮ ಗೆದ್ದವರ ಪಟ್ಟಿಗೆ ಸೇರುತ್ತಾನೆ, ಅಣ್ಣ ಸೇರುವುದಿಲ್ಲ. ಆದರೆ ತಮ್ಮನಿಗೆ ಒಂದು ದಿನವೂ ಹೆಚ್ಚಿಗೆ ಸಿಕ್ಕಿಲ್ಲ. ರೋಗಿಯಾಗಿ ಕಳೆದ ನಾಲ್ಕು ವರ್ಷ ಮಾತ್ರ ಹೆಚ್ಚು. ಹಾಗಾಗಿ ಬೇಗ ಹಿಡಿದರೆ ಇಷ್ಟು ಶೇಕಡಾ ಜನ ಬದುಕುತ್ತಾರೆ ಅನ್ನುವ ಜಾಹೀರಾತು ಕಂಡಾಗ, ಒಟ್ಟು ಸಾವು ಕಡಿಮೆಯಾಗಿದೆಯಾ ಅಂತ ಕೇಳಬೇಕು.

ಜಪಾನಿನಲ್ಲಿ ಎಳೆಮಕ್ಕಳ ಮೂತ್ರ ಪರೀಕ್ಷಿಸಿ ನರಕೋಶದ ಒಂದು ಕ್ಯಾನ್ಸರನ್ನು ಹುಡುಕುವ ಕಾರ್ಯಕ್ರಮ ಇಪ್ಪತ್ತು ವರ್ಷದಷ್ಟು ಕಾಲ ನಡೆಯಿತು. ಕೆನಡಾ ಮತ್ತು ಜರ್ಮನಿಯ ಅಧ್ಯಯನಗಳು 2002ರಲ್ಲಿ ಇದರಿಂದ ಮಕ್ಕಳ ಸಾವು ಕಡಿಮೆಯಾಗಿಲ್ಲ ಅಂತ ತೋರಿಸಿದ ಮೇಲೆ ಅದನ್ನು ನಿಲ್ಲಿಸಿದರು. ನಡೆಯುತ್ತಿರುವ ಕಾರ್ಯಕ್ರಮವನ್ನು ತಪ್ಪಾಯಿತು ಅಂತ ನಿಲ್ಲಿಸಲು ಧೈರ್ಯ ಬೇಕು. ಆ ಧೈರ್ಯಕ್ಕೆ ನನ್ನ ಗೌರವ ಇದೆ.

ಆರೋಗ್ಯವಾಗಿರುವವರಿಗೆ ಇಡೀ ದೇಹದ ತಪಾಸಣೆ ಅಂತ ಮಾರುವ ಪ್ಯಾಕೇಜ್‌ಗಳಲ್ಲಿ ಟ್ಯೂಮರ್ ಮಾರ್ಕರ್, ಅಂದರೆ ಕ್ಯಾನ್ಸರಿನ ಸುಳಿವು ಕೊಡಬಹುದಾದ ಅಂಶಗಳ ರಕ್ತಪರೀಕ್ಷೆ ಸೇರಿರುವುದನ್ನು ನೀವೂ ನೋಡಿರಬಹುದು. ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ, ಬಸಿರಿನಲ್ಲಿ ಏರುತ್ತದೆ. ಸಿಇಎ ಅನ್ನುವುದು ಸಿಗರೇಟು ಸೇದುವವರಲ್ಲಿ ಏರಿರುತ್ತದೆ. ಅಮೆರಿಕದಲ್ಲಿ 78,216 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧ ಜನರಿಗೆ ವರ್ಷ ವರ್ಷ ಸಿಎ-125 ಮತ್ತು ಅಲ್ಟ್ರಾಸೌಂಡ್ ಮಾಡಿದರು. ಅಂಡಾಶಯ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಆದರೆ ಕ್ಯಾನ್ಸರ್ ಇಲ್ಲದ 3,285 ಮಹಿಳೆಯರಿಗೆ ಇರಬಹುದು ಅನ್ನುವ ಭಯ ಹತ್ತಿತು. ಅವರಲ್ಲಿ 1,080 ಜನರಿಗೆ ಆಪರೇಷನ್ ಆಯಿತು. 163 ಜನರಿಗೆ ಗಂಭೀರ ತೊಡಕುಗಳಾದವು. ಇವರೆಲ್ಲ ಆರೋಗ್ಯವಾಗಿದ್ದವರು.

ಇಷ್ಟು ಹೇಳಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ದೊಡ್ಡ ಕರುಳಿನ ತಪಾಸಣೆ ಜೀವ ಉಳಿಸುತ್ತವೆ, ಅದಕ್ಕೆ ಪುರಾವೆ ಇದೆ. ಎದೆಯಲ್ಲಿ ಗಂಟು, ವಾಸಿಯಾಗದ ಬಾಯಿ ಹುಣ್ಣು, ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ಒಂದು ವಾರವೂ ಕಾಯಬೇಡಿ. ಅದು ತಪಾಸಣೆಯ ಮಾತಲ್ಲ, ಕಾಯಿಲೆಯ ಮಾತು. ಅಲ್ಲಿ ತಡ ಮಾಡುವುದೇ ಹಾನಿ.

ಕ್ಯಾನ್ಸರ್ ಅಂತ ಖಚಿತವಾದ ಮೇಲೂ ಕೆಲವೊಮ್ಮೆ ಕಾದು ನೋಡುವುದೇ ಚಿಕಿತ್ಸೆ. ಪ್ರಾಸ್ಟೇಟ್‌ಗೆ ಸೀಮಿತವಾಗಿದ್ದ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಬ್ರಿಟನ್ನಿನಲ್ಲಿ ಮೂರು ಗುಂಪು ಮಾಡಿ 15 ವರ್ಷ ಹಿಂಬಾಲಿಸಿದರು. ಆಪರೇಷನ್, ರೇಡಿಯೇಷನ್, ಬರೀ ನಿಗಾ. ಮೂರೂ ಗುಂಪಿನಲ್ಲಿ ಆ ಕ್ಯಾನ್ಸರಿನಿಂದ ಸತ್ತವರು ಶೇಕಡಾ 3ರ ಆಸುಪಾಸು. ಮೂತ್ರ ಹಿಡಿತ ತಪ್ಪುವುದು, ಲೈಂಗಿಕ ಶಕ್ತಿ ಕುಂದುವುದು ಆಪರೇಷನ್ ಆದವರಲ್ಲಿ ಜಾಸ್ತಿ. ಉಗ್ರ ಬಗೆಯ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಬೇಕೇ ಬೇಕು. ಶಾಂತ ಬಗೆಯದಕ್ಕೆ ಅವಸರ ಬೇಡ. ಯಾವುದು ಯಾವ ಬಗೆ ಅಂತ ಬಯಾಪ್ಸಿ ಹೇಳುತ್ತದೆ.

ಹತ್ತು ದಿನದ ಬದಲು ಒಂದು ದಿನ

ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿರುವ ಒಬ್ಬರನ್ನು ನೆನೆಸಿಕೊಳ್ಳಿ. ಮಗ್ಗುಲು ಬದಲಿಸಿದರೆ ಪ್ರಾಣ ಹೋಗುವಂಥ ನೋವು. ನೋವು ತಗ್ಗಿಸಲು ರೇಡಿಯೇಷನ್ ಕೊಡೋಣ ಅನ್ನುತ್ತಾರೆ, ಅದು ಸರಿಯಾದ ನಿರ್ಧಾರ. ಹತ್ತು ದಿನ ಬನ್ನಿ ಅನ್ನುತ್ತಾರೆ. ಹತ್ತು ದಿನ ಅವರನ್ನು ಹಾಸಿಗೆಯಿಂದ ಎತ್ತಬೇಕು. ಗಾಡಿಯಲ್ಲಿ ಕೂರಿಸಬೇಕು. ಪ್ರತಿ ಹಳ್ಳದಲ್ಲೂ ಅವರು ಹಲ್ಲು ಕಚ್ಚಬೇಕು. ಆಸ್ಪತ್ರೆಯಲ್ಲಿ ಸರದಿ ಕಾಯಬೇಕು. ಆಮೇಲೆ ಗಟ್ಟಿ ಮೇಜಿನ ಮೇಲೆ ಅಲ್ಲಾಡದೆ ಅಂಗಾತ ಮಲಗಬೇಕು. ಯಂತ್ರ ನಡೆಯುವುದು ಕೆಲವೇ ನಿಮಿಷ, ಆದರೆ ಪೂರ್ತಿ ದಿನ ಹೋಗುತ್ತದೆ. ಇನ್ನು ಕೆಲವೇ ತಿಂಗಳು ಉಳಿದಿರುವವರಿಗೆ ಹತ್ತು ದಿನ ಅಂದರೆ ಸಣ್ಣದಲ್ಲ.

ಒಂದೇ ಸಲ 8 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಅಳೆಯುವ ಮಾನ) ಕೊಟ್ಟರೂ ನೋವು ಅಷ್ಟೇ ಕಡಿಮೆಯಾಗುತ್ತದೆ. ಇದು ಒಂದು ಪ್ರಯೋಗದ ಮಾತಲ್ಲ, ಹತ್ತಾರು ಪ್ರಯೋಗಗಳನ್ನು ಒಟ್ಟು ಹಾಕಿ ಕಂಡುಕೊಂಡದ್ದು. ಒಂದೇ ಸಲ ತೆಗೆದುಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಇನ್ನೊಂದು ಸಲ ಬೇಕಾಗುತ್ತದೆ, ಅಷ್ಟೇ. ಬೆನ್ನುಹುರಿ ಒತ್ತಿಹೋಗಿದ್ದರೆ, ಮೂಳೆ ಮುರಿಯುವಂತಿದ್ದರೆ ಲೆಕ್ಕ ಬೇರೆ. ಉಳಿದವರಿಗೆ ಒಂದು ದಿನ ಸಾಕು. ಈ ವಿಷಯ ಗೊತ್ತಾಗಿ ಎಷ್ಟೋ ವರ್ಷ ಆಯಿತು. ಆದರೂ ಹತ್ತು ದಿನದ ಪದ್ಧತಿ ಜಗತ್ತಿನ ಹಲವು ಕಡೆ ಮುಂದುವರಿಯುತ್ತಿದೆ. ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸ್ತನ ಕ್ಯಾನ್ಸರಿನ ರೇಡಿಯೇಷನ್ ಕೂಡ ಐದು ವಾರದಿಂದ ಮೂರು ವಾರಕ್ಕೆ ಇಳಿಯಿತು. ಬ್ರಿಟನ್ನಿನ 4,096 ರೋಗಿಗಳ ಮೇಲಿನ ಪ್ರಯೋಗ 2020ರಲ್ಲಿ ಒಂದೇ ವಾರ, ಐದು ಸಲ ಸಾಕು ಅಂತ ತೋರಿಸಿತು. ಕಿಮೋದಲ್ಲೂ ಹಾಗೇ. ಹಾರ್ಮೋನಿಗೆ ಸ್ಪಂದಿಸುವ, ಕಂಕುಳಿಗೆ ಹರಡದ ಸ್ತನ ಕ್ಯಾನ್ಸರ್‌ನಲ್ಲಿ ಗಡ್ಡೆಯ ಜೀನ್‌ಗಳನ್ನು ಪರೀಕ್ಷಿಸಿ ಅಂಕ ಕೊಡುವ ವಿಧಾನ ಇದೆ. 2018ರಲ್ಲಿ ಬಂದ ದೊಡ್ಡ ಪ್ರಯೋಗದ ಪ್ರಕಾರ ಮಧ್ಯಮ ಅಂಕ ಬಂದ ಹೆಚ್ಚಿನವರಿಗೆ ಹಾರ್ಮೋನ್ ಮಾತ್ರೆಯೇ ಸಾಕು, ಕಿಮೋ ಸೇರಿಸಿದರೆ ಲಾಭ ಇಲ್ಲ. 50 ವರ್ಷದೊಳಗಿನ ಕೆಲವರಿಗೆ ಮಾತ್ರ ಅಲ್ಪ ಲಾಭ ಇತ್ತು.

ಹೊಸದು ಅಂದರೆ ಒಳ್ಳೆಯದು ಅನ್ನುವ ಭ್ರಮೆಗೆ ಗರ್ಭಕಂಠದ ಕ್ಯಾನ್ಸರ್ ಆಪರೇಷನ್ ಕಣ್ಣು ತೆರೆಸುವ ಉದಾಹರಣೆ. ಸಣ್ಣ ರಂಧ್ರದ ಮೂಲಕ, ರೋಬೋಟ್ ಮೂಲಕ ಮಾಡಿದರೆ ಗಾಯ ಚಿಕ್ಕದು, ಬೇಗ ಮನೆಗೆ ಹೋಗಬಹುದು. ಎಲ್ಲರೂ ಅದನ್ನೇ ಹಿಡಿದರು. 2018ರಲ್ಲಿ 631 ಮಹಿಳೆಯರ ಪ್ರಯೋಗದ ಫಲಿತಾಂಶ ಬಂತು. ನಾಲ್ಕೂವರೆ ವರ್ಷದ ನಂತರ ಕಾಯಿಲೆ ಮರಳದೆ ಚೆನ್ನಾಗಿದ್ದವರು ಹಳೆಯ ತೆರೆದ ಆಪರೇಷನ್‌ನಲ್ಲಿ ಶೇಕಡಾ 96.5, ಹೊಸ ವಿಧಾನದಲ್ಲಿ ಶೇಕಡಾ 86. ಗಾಯ ಸಣ್ಣದಾಗಿತ್ತು, ಆದರೆ ಕಾಯಿಲೆ ಜಾಸ್ತಿ ಜನರಿಗೆ ತಿರುಗಿ ಬಂತು, ಸಾವೂ ಜಾಸ್ತಿಯಾಯಿತು.

ಔಷಧಿಗಳ ವಿಷಯದಲ್ಲಿ ಒಂದು ಪದಪ್ರಯೋಗದ ಬಗ್ಗೆ ಎಚ್ಚರ ಇರಲಿ. ‘ಕಾಯಿಲೆ ಇಷ್ಟು ತಿಂಗಳು ಮುಂದುವರಿಯಲಿಲ್ಲ’ ಅಂದರೆ ಸ್ಕ್ಯಾನ್‌ನಲ್ಲಿ ಗಡ್ಡೆ ಬೆಳೆಯಲಿಲ್ಲ ಅಂತ. ರೋಗಿ ಅಷ್ಟು ಹೆಚ್ಚು ಕಾಲ ಬದುಕಿದರು ಅಂತ ಅರ್ಥ ಅಲ್ಲ. ಬೆವಾಸಿಜುಮ್ಯಾಬ್ ಅನ್ನುವ ಔಷಧಿಗೆ ಹರಡಿದ ಸ್ತನ ಕ್ಯಾನ್ಸರ್‌ಗಾಗಿ ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿದ್ದು ಇಂಥ ಸಾಕ್ಷ್ಯದ ಮೇಲೆ. ಆಯುಸ್ಸು ಹೆಚ್ಚಿಲ್ಲ, ರಕ್ತಸ್ರಾವದಂಥ ಅಪಾಯ ಇದೆ ಅಂತ ಖಚಿತವಾದ ಮೇಲೆ 2011ರಲ್ಲಿ ಆ ಒಪ್ಪಿಗೆಯನ್ನು ವಾಪಸ್ ಪಡೆಯಿತು.

ಕೊನೆಯ ತಿಂಗಳುಗಳು

ಇದು ಮಾತಾಡಲು ಎಲ್ಲರೂ ಹಿಂಜರಿಯುವ ಜಾಗ. ಕಾಯಿಲೆ ಹರಡಿದೆ, ಎರಡು ಮೂರು ಬಗೆಯ ಕಿಮೋ ಆಗಿದೆ, ರೋಗಿ ದಿನದ ಹೆಚ್ಚು ಹೊತ್ತು ಹಾಸಿಗೆಯಲ್ಲೇ. ಮನೆಯವರು ‘ಏನಾದರೂ ಮಾಡಿ ಡಾಕ್ಟ್ರೇ’ ಅನ್ನುತ್ತಾರೆ. ಡಾಕ್ಟರ್ ಮತ್ತೊಂದು ಕಿಮೋ ಬರೆಯುತ್ತಾರೆ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಂಥ ಕೊನೆಯ ಹಂತದ ರೋಗಿಗಳನ್ನು ಗಮನಿಸಿತು. ಓಡಾಡಿಕೊಂಡು ಇದ್ದವರು ಕೂಡ ಕಿಮೋ ತೆಗೆದುಕೊಂಡಿದ್ದರೆ ಅವರ ಕೊನೆಯ ವಾರ ಇನ್ನಷ್ಟು ಕಷ್ಟದ್ದಾಗಿತ್ತು. ಆಯುಸ್ಸೂ ಹೆಚ್ಚಿರಲಿಲ್ಲ.

ಹಾಗಂತ ಏನೂ ಮಾಡದೆ ಕೈಕಟ್ಟಿ ಕೂರುವುದು ದಾರಿಯಲ್ಲ. ಬಾಸ್ಟನ್‌ನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಲ್ಲಿ ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೇ, ಮೊದಲ ದಿನಗಳಿಂದಲೇ ಪ್ಯಾಲಿಯೇಟಿವ್ ಕೇರ್ ಕೊಟ್ಟರು. ಅಂದರೆ ನೋವು, ಉಬ್ಬಸ, ನಿದ್ದೆ, ಭಯ, ಮನೆಯವರ ಚಿಂತೆ ಇವನ್ನೆಲ್ಲ ಕೇಳಿ ನೋಡಿಕೊಳ್ಳುವ ವೈದ್ಯರು, ದಾದಿಯರು. 2010ರಲ್ಲಿ ಫಲಿತಾಂಶ ಬಂತು. ಅವರ ಮನಸ್ಸು ಹೆಚ್ಚು ಸಮಾಧಾನವಾಗಿತ್ತು. ಕೊನೆಗಾಲದಲ್ಲಿ ಕಠಿಣ ಚಿಕಿತ್ಸೆ ಕಡಿಮೆ ಪಡೆದರು. ಆದರೂ ಬದುಕಿದ್ದು 11.6 ತಿಂಗಳು, ಉಳಿದವರದು 8.9. ಪ್ಯಾಲಿಯೇಟಿವ್ ಅಂದರೆ ಕೈಬಿಟ್ಟರು ಅಂತ ಅರ್ಥ ಮಾಡಿಕೊಳ್ಳುವವರಿಗೆ ನಾನು ಯಾವಾಗಲೂ ಈ ಎರಡು ಅಂಕಿ ಹೇಳುತ್ತೇನೆ. ವಿಷಾದ ಏನೆಂದರೆ, ಬೇಡದ ಸ್ಕ್ಯಾನ್ ಸುಲಭವಾಗಿ ಸಿಗುವ ಎಷ್ಟೋ ಕಡೆ ನೋವಿಗೆ ಬೇಕಾದ ಮಾರ್ಫಿನ್ ಸಿಗುವುದಿಲ್ಲ.

ಯಾಕೆ ನಿಲ್ಲುವುದಿಲ್ಲ

ಹಣ ಒಂದು ಕಾರಣ, ಅದನ್ನು ಮುಚ್ಚಿಡುವುದು ಬೇಡ. ಮಾಡಿದ ಪ್ರತಿ ಕೆಲಸಕ್ಕೂ ಶುಲ್ಕ ಸಿಗುವ ಕಡೆ ಜಾಸ್ತಿ ಕೆಲಸ ನಡೆಯುತ್ತದೆ. ಆದರೆ ಹಣದ ಲೆಕ್ಕವೇ ಇಲ್ಲದ ಕಡೆಯೂ ಈ ರೂಢಿಗಳಿವೆ. ಕಲಿತಾಗ ಹೇಳಿಕೊಟ್ಟದ್ದನ್ನೇ ಮಾಡುವ ಅಭ್ಯಾಸ ಇದೆ. ಏನಾದರೂ ತಪ್ಪಿಹೋದರೆ ಕೇಸ್ ಹಾಕುತ್ತಾರೆ ಅನ್ನುವ ಭಯ ಇದೆ. ಎಲ್ಲಕ್ಕಿಂತ ದೊಡ್ಡದು ಸಮಯ. ಒಂದು ಸ್ಕ್ಯಾನ್ ಬರೆಯಲು ಅರ್ಧ ನಿಮಿಷ ಸಾಕು. ಈ ಸ್ಕ್ಯಾನ್ ಯಾಕೆ ಬೇಡ ಅಂತ ಹೆದರಿದ ಮನುಷ್ಯನಿಗೆ ತಿಳಿಹೇಳಲು ಅರ್ಧ ಗಂಟೆ ಬೇಕು. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ.

2012ರಲ್ಲಿ ಅಮೆರಿಕದಲ್ಲಿ ‘ಚೂಸಿಂಗ್ ವೈಸ್ಲಿ’ ಎಂಬ ಪ್ರಯತ್ನ ಶುರುವಾಯಿತು. ವೈದ್ಯರ ಸಂಘಗಳು ತಮ್ಮದೇ ಕ್ಷೇತ್ರದಲ್ಲಿ ಬಿಡಬೇಕಾದ ರೂಢಿಗಳನ್ನು ತಾವೇ ಪಟ್ಟಿ ಮಾಡಿದವು. ಭಾರತದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಮುಂದಾಳತ್ವದಲ್ಲಿ ಹತ್ತು ಅಂಶಗಳ ಪಟ್ಟಿ 2019ರಲ್ಲಿ ಬಂತು. 2023ರಲ್ಲಿ ಹಲವು ದೇಶಗಳ ಕ್ಯಾನ್ಸರ್ ವೈದ್ಯರು ಮತ್ತು ರೋಗಿಗಳ ಪರ ಕೆಲಸ ಮಾಡುವವರು ಸೇರಿ ರೋಗಿಗೆ ನಿಜಕ್ಕೂ ಲಾಭವಾಗುವ ಚಿಕಿತ್ಸೆಗೆ ಒತ್ತು ಕೊಡುವ ‘ಕಾಮನ್ ಸೆನ್ಸ್ ಆಂಕಾಲಜಿ’ ಎಂಬ ಪ್ರಯತ್ನ ಶುರು ಮಾಡಿದರು. ಪಟ್ಟಿ ಗೋಡೆಗೆ ಅಂಟಿಸಿದರೆ ಸಾಲದು ಅನ್ನುವುದು ನನ್ನ ಅನಿಸಿಕೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮೊದಲೇ ಟಿಕ್ ಆಗಿರುವ ಆಯ್ಕೆ ಯಾವುದು, ಕಿಮೋ ಬರೆಯುವ ಮುನ್ನ ಸರ್ಜನ್, ರೇಡಿಯೇಷನ್ ವೈದ್ಯರು, ಪ್ಯಾಲಿಯೇಟಿವ್ ವೈದ್ಯರು ಒಟ್ಟಿಗೆ ಕೂತು ಮಾತಾಡಿದರಾ, ಇಂಥ ಸಣ್ಣ ವ್ಯವಸ್ಥೆಗಳೇ ರೂಢಿ ಬದಲಿಸುತ್ತವೆ.

ರೋಗಿಯ ಕಡೆಯವರು ಮಾಡಬಹುದಾದದ್ದೂ ಇದೆ. ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸಬೇಡಿ, ಆದರೆ ಕೇಳಿ. ಈ ಪರೀಕ್ಷೆಯಲ್ಲಿ ಕೆಟ್ಟದು ಬಂದರೆ ಏನು ಮಾಡುತ್ತೀರಿ, ಒಳ್ಳೆಯದು ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆ ಯಾಕೆ ಅಂತ ಯೋಚಿಸಬಹುದು. ಈ ಔಷಧಿ ಆಯುಸ್ಸು ಹೆಚ್ಚಿಸುತ್ತದಾ, ಕಷ್ಟ ಕಡಿಮೆ ಮಾಡುತ್ತದಾ, ಎಷ್ಟರಮಟ್ಟಿಗೆ? ಇದಕ್ಕಿಂತ ಹಗುರವಾದ ದಾರಿ ಇದೆಯಾ? ಸದ್ಯಕ್ಕೆ ಮಾಡದೆ ಇದ್ದರೆ ಏನಾಗಬಹುದು? ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಎಷ್ಟೋ ಸಲ ಅವರಿಗೂ ಅದು ಸಮಾಧಾನ ತರುತ್ತದೆ, ಯಾಕಂದರೆ ಆ ಮಾತು ಎತ್ತಲು ಅವರೂ ದಾರಿ ಹುಡುಕುತ್ತಿರುತ್ತಾರೆ.

ಶುರುವಿನಲ್ಲಿ ಹೇಳಿದ ಆ ಹೆಣ್ಣುಮಗಳು, ಆ ಅಂಕಿಗಳೆಲ್ಲ ಬರುವ ಮೊದಲೇ, ಕಿಮೋ ಮುಗಿದ ಹೊಸತರಲ್ಲಿ ಅಂಥ ವೈದ್ಯರ ಮುಂದೆ ಕೂತಿದ್ದಾಳೆ ಅಂದುಕೊಳ್ಳಿ. ರಕ್ತಪರೀಕ್ಷೆ ಬರೆಯುವ ಮೊದಲೇ ಅವರು ಆ ಪ್ರಯೋಗದ ಕಥೆ ಹೇಳುತ್ತಾರೆ. ಅಂಕಿ ಗೊತ್ತಾಗಲೇಬೇಕು, ಇಲ್ಲದಿದ್ದರೆ ನೆಮ್ಮದಿ ಇಲ್ಲ ಅಂದರೆ ಮಾಡಿಸೋಣ, ಅದು ನಿಮ್ಮ ಹಕ್ಕು ಅನ್ನುತ್ತಾರೆ. ಬೇಡ ಅಂದರೆ ಅದೂ ಸರಿ. ಆಮೇಲೆ ಒಂದು ಹಾಳೆಯಲ್ಲಿ ಬರೆದು ಕೊಡುತ್ತಾರೆ: ಹೊಟ್ಟೆ ಉಬ್ಬರಿಸಿದರೆ, ಸ್ವಲ್ಪ ತಿಂದರೂ ತುಂಬಿದ ಹಾಗಾದರೆ, ಮಲವಿಸರ್ಜನೆಯಲ್ಲಿ ಬದಲಾವಣೆ ಆದರೆ, ಹೊಟ್ಟೆ ನೋವು ಎರಡು ವಾರ ಬಿಡದಿದ್ದರೆ ಮೂರು ತಿಂಗಳು ಕಾಯಬೇಡಿ, ನನಗೆ ಫೋನ್ ಮಾಡಿ. ಕೆಳಗೆ ಅವರ ನಂಬರ್. ಅವಳು ಆ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಳ್ಳುತ್ತಾಳೆ. ರಕ್ತಪರೀಕ್ಷೆಯ ಬಗ್ಗೆ ಮನೆಗೆ ಹೋಗಿ ಯೋಚಿಸಿ ಹೇಳುತ್ತೇನೆ ಅನ್ನುತ್ತಾಳೆ.